ಸೂರ್ಯ ಮುಳುಗುವ ಹೊತ್ತಿನ ಊಟ

ಎಲೆಗೆ ಅನ್ನ ಬಿದ್ದಿತ್ತು. ನಾನು ಕೈ ಕಟ್ಟಿ ಕುಳಿತಿದ್ದೆ.

“ಊಟ ಮಾಡಿ ಮಾಸ್ಟ್ರೇ, ನಾಚಿಕೆ ಎಂತದ್ದು?” ಎಂದರು ಗೆಳೆಯ ಧರಣೇಂದ್ರನ ತಾಯಿ.

“ನನಗೆ ರಂಜಾನ್ ಉಪವಾಸ ಅಮ್ಮ. ಸೂರ್ಯ ಮುಳುಗುವವರೆಗೆ ಉಣ್ಣಲಿಕ್ಕಿಲ್ಲ.”

“ಅಯ್ಯೋ ಮಾರಾಯ್ರೇ, ಸೂರ್ಯ ಮುಳುಗಿದ ಮೇಲೆ ನಮಗೆ ಉಣ್ಣಲಿಕ್ಕಿಲ್ಲ!”

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಂಟ್ವಾಳದ ಶಾಲೆಯೊಂದರಲ್ಲಿ ನನ್ನ ಜೊತೆ ಮೇಷ್ಟ್ರಾಗಿದ್ದ ಧರಣೇಂದ್ರ, ಚೌಟ ಅರಸರ ಹಳೆಯ ರಾಜಧಾನಿ ತೋರಿಸುತ್ತೇನೆಂದು ಮೂಡುಬಿದಿರೆಗೆ ಕರೆದೊಯ್ದಿದ್ದ. ಸಾವಿರ ಕಂಬದ ಬಸದಿ, ಅರಮನೆ ಎಲ್ಲವನ್ನೂ ಸುತ್ತಿಸಿದ ಪುಣ್ಯಾತ್ಮ, ನನ್ನ ಉಪವಾಸದ ವಿಷಯವನ್ನು ಮನೆಯಲ್ಲಿ ಹೇಳಲು ಮರೆತಿದ್ದ. ಅವರದು ಜೈನರ ಮನೆ. ಬೆಳಕಿರುವಾಗಲೇ ರಾತ್ರಿಯೂಟ ಮುಗಿಯಬೇಕು.

ಅಮ್ಮ ನನ್ನ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದರು. ಎಲ್ಲರ ಕಣ್ಣೂ ಗೋಡೆ ಗಡಿಯಾರದ ಮೇಲೆ. ಮುಳ್ಳು ನಿಧಾನ ಹೋಗಲಿ ಎಂದು ಅವರು ಗಬಗಬನೆ ಉಣ್ಣುತ್ತಿದ್ದರು, ಬೇಗ ಹೋಗಲಿ ಎಂದು ನಾನು ಸುಮ್ಮನೆ ಜೊಲ್ಲು ನುಂಗುತ್ತಿದ್ದೆ.

ದೂರದ ಮಸೀದಿಯಿಂದ ಬಾಂಗ್ ಕೇಳಿಸಿತು. ಅಷ್ಟರಲ್ಲಿ ಅವರು ಕೈ ತೊಳೆದಾಗಿತ್ತು. ನಾನು ಎಲೆ ಸರಿಸಿದೆ. ಈಗ ಬೇರೆ ಕೆಲಸವೇ ಇಲ್ಲದ ಐದು ಮಂದಿ ನನ್ನೊಬ್ಬನಿಗೆ ಬಡಿಸಲು ಸುತ್ತ ನಿಂತರು. ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಮೇಲೆಯೇ ಪಾಯಸ ಬಿತ್ತು.

ಮೂಡುಬಿದಿರೆ ನೋಡಲು ಹೊರಟವರು ಸಲಹೆ ಕೇಳಿದರೆ ಈಗಲೂ ನಾನು ಹೇಳುವುದಿಷ್ಟೇ: ಜೈನರ ಮನೆಯಲ್ಲಿ ಊಟಕ್ಕೆ ಕರೆದಿದ್ದರೆ ಕಂಬ ಎಣಿಸುತ್ತಾ ಕೂರಬೇಡಿ, ಬೆಳಕಿರುವಾಗಲೇ ಹೋಗಿ. ಇಡೀ ಮನೆಯೇ ನಿಂತು ಬಡಿಸಬೇಕೆಂದಿದ್ದರೆ ಮಾತ್ರ ಉಪವಾಸ ಹಿಡಿದು ಹೋಗಿ.