ಶೀಲಾವತಿ ಮೇಡಂ ಮತ್ತು ಇಬ್ಬರು ಚೆರಿಯನ್

ಹಠಮಾರಿಗಳನ್ನು ನಾನು ದಿನಾ ನೋಡುತ್ತೇನೆ. ಸುಳ್ಯದ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿರುವವಳಿಗೆ ಅದು ತಪ್ಪಿದ್ದಲ್ಲ. ಆದರೂ ನಮ್ಮ ಸಮಾಜಶಾಸ್ತ್ರದ ಶೀಲಾವತಿ ಮೇಡಂ ಅವರಷ್ಟು ಹಠದ ಹೆಂಗಸನ್ನು ಕಂಡಿಲ್ಲ. ನಲವತ್ತೈದು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿದರು. ಮೊಮ್ಮಕ್ಕಳನ್ನು ಎತ್ತಿಕೊಂಡೇ ಪದವಿ ತೆಗೆದುಕೊಳ್ಳುತ್ತೀರಾ ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ಮೇಡಂ ಉತ್ತರ ಕೊಡುವ ಗೋಜಿಗೆ ಹೋಗದೆ ಶನಿವಾರದ ಕ್ಲಾಸು ಮುಗಿಸಿ ಕಡಬದ ಬಸ್ಸು ಹತ್ತುತ್ತಿದ್ದರು.

ಕೇರಳದಿಂದ ಬಂದು ಕಡಬ, ನೆಲ್ಯಾಡಿ ಕಡೆ ರಬ್ಬರ್ ಹಾಕಿದ ಕುಟುಂಬಗಳ ಹೆಂಗಸರ ದುಡಿಮೆ ಅವರ ವಿಷಯ. ಮನೆಯಲ್ಲಿ ಸುಳ್ಯ ಕಡೆಯ ಕನ್ನಡವಾದ ಅರೆಭಾಷೆ ಆಡುವ ಮೇಡಂ ಇದಕ್ಕಾಗಿ ಕಷ್ಟಪಟ್ಟು ಮಲಯಾಳ ಕಲಿತರು. ಹೋದಲ್ಲೆಲ್ಲ ಹೆಂಗಸರು ಅವರ ಹತ್ತಿರ ಕನ್ನಡದಲ್ಲೇ ಮಾತಾಡಿದರು.

ಹೆಚ್ಚಿನವರು ತಮ್ಮ ಹೆಸರು ಹಾಕಬೇಡಿ ಎಂದರು, ಕೆಲವರು ಹಾಕಿದರೂ ಸರಿ ಎಂದರು. ನೆಲ್ಯಾಡಿಯ ವಲ್ಸಾ ಚೆರಿಯನ್ ಮಾತ್ರ ಹಾಕಲೇಬೇಕು ಎಂದರು. ಅವರ ಅಪ್ಪ ಚೆರಿಯನ್ ಹಾಸಿಗೆ ಹಿಡಿದಾಗ ವಲ್ಸಾಗೆ ಮದುವೆಯಾಗಿರಲಿಲ್ಲ. ಬೆಳಗಾಗುವ ಮುಂಚೆ ಟಾರ್ಚು ಹಿಡಿದು ಹೋಗಿ ರಬ್ಬರ್ ಮರಕ್ಕೆ ಕತ್ತಿ ಹಾಕಿದವರು, ಒಸರಿದ ಹಾಲು ಹೊತ್ತವರು, ಅದನ್ನು ಹೆಪ್ಪುಗಟ್ಟಿಸಿ ಶೀಟು ಮಾಡಿದವರು ಅವರೇ. ತಮ್ಮ ಸಜಿ ಆಗ ಶಾಲೆಗೆ ಹೋಗುತ್ತಿದ್ದ. ಇವತ್ತು ಕೇಳಿದರೆ ಊರು ಅದನ್ನು ಸಜಿ ಉಳಿಸಿದ ತೋಟ ಎನ್ನುತ್ತದೆ. “ಎಲ್ಲಿಯಾದ್ರೂ ಒಂದು ಕಡೆ ನನ್ನ ಹೆಸರು ಇರ್ಲಿ ಟೀಚರೇ,” ಎಂದಿದ್ದರು ವಲ್ಸಾ. ಅವರನ್ನು ಮಲಯಾಳದ ರೂಢಿಯಂತೆ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಮೇಡಂ ಮಾತು ಕೊಟ್ಟು ಬಂದಿದ್ದರು.

ಈಗ ಪ್ರಬಂಧ ಬರೆಯುವವರು ತಮ್ಮ ಆಕರಗಳನ್ನೆಲ್ಲ ಒಂದು ಸಾಫ್ಟ್‌ವೇರಿನಲ್ಲಿ ಸೇರಿಸಿಡುತ್ತಾರೆ. ಪ್ರತಿ ಪುಸ್ತಕಕ್ಕೆ, ಪ್ರತಿ ಸಂದರ್ಶನಕ್ಕೆ ಅದು ಒಂದು ಅಡ್ಡಹೆಸರು ಇಡುತ್ತದೆ. ಸೈಟೇಷನ್ ಕೀ ಎಂದರೆ ಅದೇ. ಬರೆಯುವಾಗ ಆ ಕೀ ಹಾಕಿದರೆ ಸಾಕು, ಪ್ರಿಂಟಿನಲ್ಲಿ ಪೂರ್ತಿ ಹೆಸರು ತಾನಾಗಿ ಬರುತ್ತದೆ. ಕೀ ಹುಟ್ಟುವುದು ಹೆಸರಿನ ಕೊನೆಯ ಭಾಗ ಮತ್ತು ಇಸವಿಯಿಂದ. ನಮ್ಮ ಕಡೆಯ ಹೆಂಗಸಿನ ಹೆಸರಿನ ಕೊನೆಯಲ್ಲಿ ಇರುವವನು ಅಪ್ಪ, ಇಲ್ಲವೇ ಗಂಡ. ಮೇಡಂ ಮಾತಾಡಿಸಿದ ಹೆಂಗಸರೆಲ್ಲ ಕಂಪ್ಯೂಟರಿನೊಳಗೆ ಹೋಗಿ ಗಂಡಸರಾದರು. ನಾವಿಬ್ಬರೂ ಅದನ್ನು ನೋಡಿ ನಕ್ಕಿದ್ದೆವು.

ಮೊದಲು ಸೇರಿಸಿದ್ದರಿಂದ ವಲ್ಸಾ ಅದರಲ್ಲಿ ‘ಚೆರಿಯನ್ ೨೦೨೨ ಎ’. ಕಬಕದಲ್ಲಿರುವ ತಂಗಿ, ನರ್ಸ್ ಸಿನಿ, ‘ಚೆರಿಯನ್ ೨೦೨೨ ಬಿ’. ಬರವಣಿಗೆ ಮುಗಿಯುವ ಹೊತ್ತಿಗೆ ಮೇಡಂ ಎಲ್ಲ ಕೀಗಳನ್ನು ಹೊಸದಾಗಿ ಮಾಡುವ ಬಟನ್ ಒತ್ತಿದರು. ಸಾಫ್ಟ್‌ವೇರು ಈ ಸಲ ಇಂಗ್ಲಿಷ್ ಅಕ್ಷರಗಳ ಕ್ರಮ ಹಿಡಿದು ಸಿನಿಯನ್ನು ‘ಎ’ ಮಾಡಿತು, ವಲ್ಸಾರನ್ನು ‘ಬಿ’ ಮಾಡಿತು. ಬರೆದಿಟ್ಟ ಪುಟಗಳಲ್ಲಿ ಮಾತ್ರ ಹಳೆಯ ಕೀಗಳೇ ಉಳಿದಿದ್ದವು. ಅಕ್ಕನ ಮಾತು ತಂಗಿಯದಾಯಿತು, ತಂಗಿಯದು ಅಕ್ಕನದಾಯಿತು. ನಮಗೆ ಗೊತ್ತೇ ಆಗಲಿಲ್ಲ.

ಸಲ್ಲಿಸುವ ಮುಂಚೆ ಹೆಸರು ಕೊಟ್ಟವರಿಗೆ ಅವರ ಪುಟ ತೋರಿಸಬೇಕು ಎಂಬುದು ಮೇಡಂ ಅವರ ನಿಯಮ. ನಾನೂ ಜೊತೆಗೆ ಹೋದೆ. ವಲ್ಸಾ ಅವರ ಮೀನು ಸಾರಿನ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿ, ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. ಕೊನೆಯಲ್ಲಿದ್ದ ಹೆಸರಿನ ಹತ್ತಿರ ನಿಂತರು.

“ಇದು ನಾನು ಹೇಳಿದ್ದಲ್ವಾ ಟೀಚರೇ? ಸಿನಿ ಕತ್ತಿ ಮುಟ್ಟಿದವಳೇ ಅಲ್ಲ.”

ಮೇಡಂ ಪುಟ ಕಸಿದುಕೊಂಡು ನೋಡಿದರು. ಮುಖ ಬಿಳಿಚಿಹೋಯಿತು. “ತಪ್ಪಾಗಿದೆ ವಲ್ಸಚೇಚಿ. ಕಂಪ್ಯೂಟರಲ್ಲಿ ಎಂತದೋ ಅದಲು ಬದಲು ಆಗಿದೆ.”

“ಪರವಾಗಿಲ್ಲ,” ವಲ್ಸಾ ನಕ್ಕರು. “ಊರಿನವರ ಬಾಯಲ್ಲಿ ಸಜಿ, ಇಲ್ಲಿ ಸಿನಿ. ಮನೆಯೊಳಗೇ ಉಂಟಲ್ಲ. ಊಟಕ್ಕೆ ಏಳಿ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ನಗುವಿನ ಮುಂದೆ ನಾನು ಆಸೆಪಟ್ಟು ಬಂದಿದ್ದ ಮೀನು ಸಾರನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಬಸ್ ಸ್ಟ್ಯಾಂಡಿನಿಂದಲೇ ಮೇಡಂ ತಮ್ಮ ಗೈಡ್ ಕೃಷ್ಣಮೋಹನ ಅವರಿಗೆ ಫೋನ್ ಮಾಡಿದರು. ಇನ್ನೂ ಯಾರ ಮಾತು ಯಾರದ್ದಾಗಿದೆಯೋ, ಎಲ್ಲವನ್ನೂ ಮತ್ತೆ ತಾಳೆ ನೋಡಬೇಕಿತ್ತು; ಸಲ್ಲಿಕೆಗೆ ಅದೇ ಕೊನೆಯ ವಾರ. ಎರಡು ಸಲ ಅವಧಿ ಮುಂದೂಡಿ ಆಗಿತ್ತು, ಇನ್ನು ಕೇಳುವ ಹಾಗಿರಲಿಲ್ಲ. ಅವರು ಸುಲಭದ ದಾರಿ ಹೇಳಿದರು: “ಎಲ್ಲರ ಹೆಸರೂ ತೆಗೆದು ನಂಬರ್ ಹಾಕಿ. ನಿಯಮದಲ್ಲೇ ಉಂಟು, ಯಾರೂ ಕೇಳುದಿಲ್ಲ.” ಪಾಪ, ಅವರು ಒಳ್ಳೆಯದಕ್ಕೇ ಹೇಳಿದ್ದು.

“ನಂಬರ್ ಹಾಕುದಾದ್ರೆ ನಾನು ಆ ಹೆಂಗಸಿಗೆ ಮಾತು ಕೊಟ್ಟದ್ದು ಎಂತಕ್ಕೆ ಸರ್?” ಎಂದರು ಮೇಡಂ. ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಪಿಎಚ್‌ಡಿ ಹೋದ್ರೆ ಹೋಗ್ಲಿ ಝುಬೈದಾ.” ಪಿಎಚ್‌ಡಿ ಹೋದರೆ ಅವರಿಗೆ ಎಷ್ಟು ನೋವಾಗುತ್ತದೆ ಎಂದು ನನಗೆ ಗೊತ್ತಿತ್ತು.

ಮರುದಿನದಿಂದ ಲೈಬ್ರರಿಯ ಮೂಲೆಯ ಮೇಜು ನಮ್ಮದಾಯಿತು. ಸಾಫ್ಟ್‌ವೇರು ಕೊಟ್ಟ ಕೀಗಳನ್ನೆಲ್ಲ ಕಿತ್ತುಹಾಕಿ, ನಮ್ಮ ಊರಿನವರು ಗುರುತು ಹೇಳುವ ಹಾಗೆ ಕೈಯಿಂದ ಬರೆದೆವು. ನನ್ನನ್ನೂ ಇಲ್ಲಿ ಅಪ್ಪನ ಹೆಸರು ಹಿಡಿದು ಯಾರು ಕೇಳುತ್ತಾರೆ? ಕಬಕದ ಝುಬೈದಾ ಎಂದರೆ ಮುಗಿಯಿತು. ಹಾಗೆಯೇ ‘ನೆಲ್ಯಾಡಿ ವಲ್ಸಾ’, ‘ಕಬಕ ಸಿನಿ’ ಎಂದು ಇಟ್ಟು, ಮತ್ತೆ ಬದಲಾಗದಂತೆ ಲಾಕ್ ಮಾಡಿದೆವು. ಆಮೇಲೆ ಒಂದೊಂದು ಮಾತನ್ನೂ ಧ್ವನಿಮುದ್ರಣ ಕೇಳಿ ತಾಳೆ ನೋಡಿದೆವು. ಬೇರೆ ಮನೆಗಳ ಅಕ್ಕತಂಗಿಯರ ಇನ್ನೂ ಕೆಲವು ಮಾತುಗಳು ಹೀಗೇ ಅದಲು ಬದಲಾಗಿದ್ದವು. ಕೊನೆಯ ದಿನ ಕಚೇರಿ ಮುಚ್ಚುವ ಹೊತ್ತಿಗೆ ಮೇಡಂ ಪ್ರಬಂಧ ಒಪ್ಪಿಸಿ ಬಂದರು.

ಭಾನುವಾರ ಮತ್ತೆ ನೆಲ್ಯಾಡಿಗೆ ಹೋದೆವು. ಈ ಸಲ ಮೇಡಂ ಒಂದು ಪುಟವಲ್ಲ, ಇಡೀ ಅಧ್ಯಾಯವನ್ನೇ ವಲ್ಸಾ ಅವರ ಕೈಗಿಟ್ಟರು. ಅವರು ತಮ್ಮ ಹೆಸರನ್ನು ಓದಿ, ಆಯ್ತು ಎನ್ನುವಂತೆ ತಲೆಯಾಡಿಸಿ ಪುಟ ತಿರುಗಿಸಿದರು. ಅಲ್ಲಿ ಸಿನಿಯ ಮಾತಿತ್ತು. “ಅಕ್ಕ ಮರಕ್ಕೆ ಕತ್ತಿ ಹಾಕದಿದ್ದರೆ ನಾನು ನರ್ಸ್ ಆಗುತ್ತಿರಲಿಲ್ಲ. ನನ್ನ ಓದು ಮುಗಿಯಲಿ ಅಂತ ಅವಳು ಎರಡು ಸಂಬಂಧ ಬೇಡ ಅಂದಳು.”

ವಲ್ಸಾ ಅದನ್ನು ಗಟ್ಟಿಯಾಗಿ ಓದಲು ಹೊರಟವರು ಅರ್ಧದಲ್ಲೇ ನಿಲ್ಲಿಸಿದರು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡು, ತಲೆ ಎತ್ತಿದರು.

“ಇದು ಅವಳೇ ಹೇಳಿದ್ದಾ? ಈ ಸಲ ಹೆಸರು ತಪ್ಪಿಲ್ಲ ಅಲ್ವಾ ಟೀಚರೇ?”

“ಇಲ್ಲ ಚೇಚಿ. ಅವರೇ ಹೇಳಿದ್ದು.”

“ನನ್ನ ಹತ್ರ ಒಂದು ದಿನ ಹೇಳ್ಲಿಲ್ಲ,” ಎಂದು ವಲ್ಸಾ ಅತ್ತುಬಿಟ್ಟರು.

ಮೇಡಂ ಫೋನ್ ತೆಗೆದು, ಸಂದರ್ಶನದಲ್ಲಿ ಮುದ್ರಿಸಿಕೊಂಡಿದ್ದ ಸಿನಿಯ ದನಿಯನ್ನು ಹಾಕಿದರು.