ಅಪ್ಪ ಹಾಕಿದ ಪಾಯಿಂಟ್

ನಮ್ಮೂರಿನ ಕರೆಂಟು ಕೆಲಸದವರ ಮುಂದಿನ ಹಲ್ಲೊಂದರ ತುದಿಯಲ್ಲಿ ಸಣ್ಣ ಕಚ್ಚು ಇತ್ತು, ಸರಿಯಾಗಿ ಒಂದು ವಯರ್ ಕೂರುವಷ್ಟು. ಕಟ್ಟರ್ ಕಿಸೆಯಲ್ಲಿದ್ದರೂ ವಯರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದರು. ಕುಂಜತ್ತೂರಿನಲ್ಲಿ ನಮ್ಮ ಆಚೀಚೆಯವರೆಲ್ಲ ಅವರನ್ನು ವಯರ್‌ಮನ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ.

ಅಪ್ಪ ತೀರಿಕೊಂಡ ವರ್ಷವೇ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೆಟ್ಟಿಲು ಹತ್ತಲಾಗದೆ ಕೆಳಗಿನ ಹಿಂದಿನ ಕೋಣೆಗೆ ಅವರ ಮಂಚ ಬಂತು. ಅಲ್ಲಿ ಸೀಲಿಂಗಿನಲ್ಲಿ ದೀಪವಿರಲಿಲ್ಲ. ಇಸ್ತ್ರಿಪೆಟ್ಟಿಗೆಗೆಂದು ಅಪ್ಪ ತಾನೇ ಕೂತು ಹಾಕಿದ್ದ ಒಂದು ಪ್ಲಗ್ ಪಾಯಿಂಟ್ ಮಾತ್ರ ಇತ್ತು. ಅದರಿಂದ ಲೈನ್ ಎಳೆದು ಮೇಲೊಂದು ದೀಪ, ಮಂಚದ ಪಕ್ಕ ಒಂದು ಸ್ವಿಚ್ಚು ಆಗಬೇಕಿತ್ತು. ಕತ್ತಲಲ್ಲಿ ಅಮ್ಮ ಇನ್ನೊಮ್ಮೆ ಬೀಳಬಾರದು. ವಯರ್‌ಮನ್ನರನ್ನು ಕರೆಸಿದೆ.

“ಆ ಪಾಯಿಂಟ್ ತೆಗೀಬೇಡಿ. ಅದು ಅವರು ಹಾಕಿದ್ದು,” ಎಂದರು ಅಮ್ಮ.

“ತೆಗೆಯುವುದಿಲ್ಲ ಟೀಚರೇ. ನೀವು ಮಲಗಿ, ಕಣ್ಣು ಮುಚ್ಚಿ, ಗೋಡೆಗೆ ಕೈ ಹಾಕಿ ನೋಡುವ.”

ಅಮ್ಮ ಕೈ ಚಾಚಿದರು. ಬೆರಳು ತಾಗಿದಲ್ಲಿ ವಯರ್‌ಮನ್ ಪೆನ್ಸಿಲಿನಿಂದ ಗುರುತು ಹಾಕಿದರು. ಎಲ್ಲರ ಮನೆಯಲ್ಲೂ ಅವರು ಸ್ವಿಚ್ಚಿನ ಜಾಗ ನಿರ್ಧರಿಸುತ್ತಿದ್ದುದು ಹಾಗೆ, ಟೇಪು ಹಿಡಿದಲ್ಲ.

ನಾನು ಆಗಷ್ಟೇ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದೆ. ಕೇಳದಿದ್ದರೂ ಹೇಳಿದೆ: “ಬಲಗಡೆ ಕರೆಂಟು ಬರುವ ಫೇಸ್, ಎಡಗಡೆ ನ್ಯೂಟ್ರಲ್.”

“ನಿನ್ನ ಪುಸ್ತಕದಲ್ಲಿ ಹಾಗೆ ಉಂಟು. ಟೆಸ್ಟರಿಗೆ ಓದ್ಲಿಕ್ಕೆ ಬರುವುದಿಲ್ಲ ಮಾರಾಯ್ತಿ.”

ಬಲಗಡೆಯ ತೂತಿಗೆ ಟೆಸ್ಟರ್ ಇಟ್ಟರು. ಅದರೊಳಗಿನ ಪುಟ್ಟ ದೀಪ ಉರಿಯಲಿಲ್ಲ. ಎಡಗಡೆ ಇಟ್ಟರು, ಉರಿಯಿತು. ನನಗೆ ಕಾಣುವಂತೆ ಸ್ವಲ್ಪ ಓರೆಯಾಗಿ ಹಿಡಿದು ತೆಗೆದು, ಪ್ಲೇಟಿನ ಸ್ಕ್ರೂ ಬಿಚ್ಚಿದರು. ಅಪ್ಪ ವಯರುಗಳನ್ನು ಅದಲು ಬದಲು ಮಾಡಿದ್ದರು. ವಯರಿನ ಬಣ್ಣ ನಂಬಿ ಅಲ್ಲಿಂದಲೇ ಲೈನ್ ಎಳೆದಿದ್ದರೆ, ಸ್ವಿಚ್ಚು ಆಫ್ ಮಾಡಿದಾಗ ದೀಪ ಆರುತ್ತಿತ್ತು, ಆದರೆ ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ಇರುತ್ತಿತ್ತು. ಆ ಮನೆಯಲ್ಲಿ ಬಲ್ಬ್ ಬದಲಾಯಿಸುವವಳು ನಾನೊಬ್ಬಳೇ.

“ಎಂತ, ಸರಿ ಉಂಟಾ?” ಅಮ್ಮ ಕೇಳಿದರು.

“ಗಟ್ಟಿ ಕೆಲಸ ಟೀಚರೇ. ಸ್ಕ್ರೂ ಬಿಚ್ಚಲಿಕ್ಕೇ ಸಾಕಾಯ್ತು.”

“ಅವರದ್ದು ಎಲ್ಲ ಹಾಗೆಯೇ,” ಎಂದರು ಅಮ್ಮ. ಅಪ್ಪ ಹೋದ ಮೇಲೆ ಅವರು ನಕ್ಕದ್ದನ್ನು ನೋಡಿದ್ದು ಅಂದೇ.

ಮೈನ್ ಆಫ್ ಮಾಡಿ, ವಯರ್‌ಮನ್ ಒಳಗಿನ ವಯರುಗಳನ್ನು ಬದಲಿಸಿ, ಹೊಸ ಲೈನ್ ಎಳೆದರು. ಹಳೆಯ ಪ್ಲೇಟನ್ನೇ ಹಳೆಯ ಸ್ಕ್ರೂಗಳಿಂದ ಮುಚ್ಚಿದರು. ಅವುಗಳಲ್ಲಿ ಒಂದು ಬೇರೆ ಜಾತಿಯದು, ಅಪ್ಪ ಎಲ್ಲಿಂದಲೋ ಹುಡುಕಿ ಹಾಕಿದ್ದು. ಅದೂ ಅದರ ಜಾಗಕ್ಕೇ ಹೋಯಿತು.

ಅವರು ಹೊರಗೆ ಕೈ ತೊಳೆಯುವಾಗ ಕೇಳಿದೆ, “ಅಮ್ಮನಿಗೆ ಹೇಳಬಹುದಿತ್ತಲ್ಲ?”

“ಮಾಡಿದವರಿಗಾದರೆ ಹೇಳಬಹುದು. ಅವರು ಇಲ್ಲವಲ್ಲ.” ಕಿಸೆಯಿಂದ ಟೆಸ್ಟರ್ ತೆಗೆದು ಕೊಟ್ಟರು. “ಇದು ನಿನ್ನ ಹತ್ರ ಇರಲಿ. ಮೊದಲು ಕರೆಂಟು ಇದೆ ಅಂತ ಗೊತ್ತಿರುವಲ್ಲಿ ಇಟ್ಟು ನೋಡು. ಆಮೇಲೆ ಇಲ್ಲ ಅನ್ನುವಲ್ಲಿ.”

ಕೆಲವು ವರ್ಷಗಳ ನಂತರ ವಯರ್‌ಮನ್ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಕಾಲೇಜಿನಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ. “ಹೌದಾ” ಎಂದೆ. ಉಳಿದ ಪತ್ರಿಕೆಗಳನ್ನು ಮುಗಿಸಿದೆ. ಅಪ್ಪ ಹೋದಾಗಲೂ ನಾನು ಹೀಗೆಯೇ ಇದ್ದೆ. ಒಳಗೆ ಏನಾದರೂ ಇದೆಯೇ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ.

ಆ ಶನಿವಾರ ಮನೆಗೆ ಹೋದಾಗ ಅಮ್ಮನ ಕೋಣೆಯ ಬಲ್ಬ್ ಹೋಗಿತ್ತು. ಸ್ವಿಚ್ಚು ಆಫ್ ಮಾಡಿ, ಟೆಸ್ಟರನ್ನು ಮೊದಲು ಪ್ಲಗ್ಗಿನ ಬಲಗಡೆ ಇಟ್ಟೆ. ಉರಿಯಿತು. ಸ್ಟೂಲ್ ಹತ್ತಿ, ಹಳೆಯ ಬಲ್ಬ್ ತೆಗೆದು, ಟೆಸ್ಟರನ್ನು ಹೋಲ್ಡರಿನ ಎರಡೂ ಪಿನ್ನಿಗೆ ಮುಟ್ಟಿಸಿದೆ. ಉರಿಯಲಿಲ್ಲ. ಮತ್ತೊಮ್ಮೆ ಮುಟ್ಟಿಸಿದೆ.

“ಎಷ್ಟು ಸಲ ನೋಡುವುದು? ನಿನ್ನ ಅಪ್ಪ ಹಾಕಿದ ಪಾಯಿಂಟಿನಿಂದಲೇ ಅಲ್ಲವಾ ಬಂದದ್ದು,” ಎಂದರು ಅಮ್ಮ.

“ಹೌದು, ಗಟ್ಟಿ ಕೆಲಸ,” ಎಂದೆ.

ಹೊಸ ಬಲ್ಬ್ ಹಾಕಿ ಕೆಳಗಿಳಿದೆ. ಅಮ್ಮ ನೋಡದೆಯೇ ಗೋಡೆಗೆ ಕೈ ಚಾಚಿದರು. ಸ್ವಿಚ್ಚು ಅಲ್ಲೇ ಇತ್ತು.