ಅಳಿಯನ ಮನೆಯ ಮೇಕೆ

ಮಗಳ ಮದುವೆಯಾದ ಮೇಲೆ ತೆಜೀರಾ ತನ್ನ ಅಳಿಯನ ಮುಖವನ್ನು ಒಮ್ಮೆಯೂ ನೇರವಾಗಿ ನೋಡಿರಲಿಲ್ಲ. ಮರ್ಯಾದಸ್ಥ ಅತ್ತೆ ಇರಬೇಕಾದದ್ದೇ ಹಾಗೆ. ನಮ್ಮ ಬುಕಿಂಗಾ ಊರಿನಲ್ಲಿ ಅತ್ತೆ ಅಳಿಯ ಎದುರಾದರೆ ಒಬ್ಬರು ದಾರಿ ಬಿಟ್ಟು ಪೊದೆಗೆ ಇಳಿಯಬೇಕು. ಅಪ್ಪಿತಪ್ಪಿ ಕೈಗೆ ಕೈ ತಾಗಿತೋ, ಇಬ್ಬರಿಗೂ ಸಾಯುವವರೆಗೆ ಕೈ ನಡುಗುವ ರೋಗ. ಆ ರೋಗ ಬಂದವರನ್ನು ಯಾರೂ ನೋಡಿಲ್ಲ, ಏಕೆಂದರೆ ಯಾರೂ ತಾಗಿಸಿಕೊಳ್ಳಲು ಹೋಗಿಲ್ಲ. ತೆಜೀರಾಳ ಅಳಿಯ ಕಿರುಂದಾ ಬಾಗಿಲಲ್ಲಿ ಬಗ್ಗಿ ನುಗ್ಗುವ ಆಳು, ಎಷ್ಟು ದೂರದಿಂದಲೂ ಕಾಣುತ್ತಿದ್ದ. ಅವಳೋ ಅವನ ಮೊಳಕೈಯೆತ್ತರದವಳು, ಅವನ ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಪೊದೆಗೆ ಇಳಿಯುವ ಪಾಳಿ ಯಾವಾಗಲೂ ಅವಳದ್ದೇ ಆಗುತ್ತಿತ್ತು.

ಹೀಗೆ ಪೊದೆಗಳ ಹಿಂದೆ ಬದುಕು ಸವೆಸಿದ ತೆಜೀರಾಳಿಗೆ ಒಂದೇ ಒಂದು ಆಸೆಯಿತ್ತು. ಸಾವಾಗಲಿ ಮದುವೆಯಾಗಲಿ, ನಮ್ಮಲ್ಲಿ ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ‘ಬಾಳೆಗೊನೆ ಕೊಟ್ಟವರು ಇಂಥವರು! ಸೌದೆ ಕೊಟ್ಟವರು ಇಂಥವರು!’ ತೆಜೀರಾಳ ಹೆಸರನ್ನು ಯಾರೂ ಯಾವತ್ತೂ ಕೂಗಿರಲಿಲ್ಲ. ಗಂಡ ಹೋದ ಮೇಲೆ ಅವಳು ಬೇರೆಯವರ ಹೊಲ ಅಗೆದು, ಕೂಲಿಗೆ ಗೆಣಸು ತಂದು ಬದುಕಿದವಳು. ಆ ಗಂಡನನ್ನು ಮಣ್ಣು ಮಾಡುವಾಗಲೂ ಕೊಟ್ಟವರು ಬೇರೆಯವರೇ, ಕೂಗಿಸಿಕೊಂಡವರೂ ಬೇರೆಯವರೇ. ‘ಕೊಟ್ಟವರು ತೆಜೀರಾ’ ಎಂದು ಒಂದು ಸಲ ಕಿವಿಯಾರೆ ಕೇಳಿದರೆ ಸಾಕು ಎಂದು ಅವಳಿಗೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆಂದು. ನಗುತ್ತಿದ್ದೆವು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಪೇಟೆಯಿಂದ ಕಾರಿನಲ್ಲಿ ಕೆಲವರು ಬಂದರು. ಬಡತನ ಕಳೆಯಲು ನಮಗೊಂದು ಸಭಾಭವನ ಕಟ್ಟಿಸಿಕೊಡುತ್ತಾರಂತೆ. ಲೋಯ್ಸ್ ಎದ್ದು ನಿಂತಳು. ಅವಳು ಚರ್ಚಿನ ಫುಟ್‌ಬಾಲ್ ತಂಡದ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಹುಟ್ಟಿದವಳ ಹಾಗಿರುವ ಹೆಂಗಸು.

“ಸಭೆ ಮಾಡೋಕೆ ನಮಗೆ ಹಲಸಿನ ಮರ ಇದೆ. ಭವನ ಹಾಲು ಕೊಡುತ್ತಾ? ಮರಿ ಹಾಕುತ್ತಾ?” ಎಂದಳು. “ಮೇಕೆ ಕೊಡಿ. ಒಂದೆರಡು ಸಾಕು, ಉಳಿದದ್ದು ಊರೇ ಸೇರಿಸುತ್ತೆ. ಯಾರಿಗೆ ಕೊಡಬೇಕು, ಹೆಂಗೆ ನಡೆಸಬೇಕು ಅನ್ನೋದು ನಮಗೆ ಬಿಡಿ.”

ಪೇಟೆಯವರು ಒಪ್ಪಿ ಒಂದು ಹೆಣ್ಣುಮೇಕೆ ಕೊಟ್ಟರು. ಯಾರಿಗೆ ಕೊಡಬೇಕು ಎನ್ನುವಲ್ಲಿಗೆ ಬಂದಾಗ ಮಾತ್ರ ಊರು ರಣರಂಗವಾಯಿತು. ತೀರಾ ಬಡವರಿಗೆ ಮೊದಲು ಎಂದ ತಕ್ಷಣ ನಿನ್ನೆಯವರೆಗೆ ಜಂಬ ಕೊಚ್ಚುತ್ತಿದ್ದವರೆಲ್ಲ ಭಿಕಾರಿಗಳಾದರು.

“ನಮ್ಮನೆ ಸೂರಿನಡಿ ಮಲಗಿದ್ರೆ ಚಂದ್ರ ಕಾಣ್ತಾನೆ!”

“ಅಷ್ಟೇನಾ? ನಮ್ಮನೇಲಿ ಚಂದ್ರನ ಹೆಂಡ್ತಿ ಮಕ್ಕಳೆಲ್ಲ ಕಾಣ್ತಾರೆ!”

“ಏ ಹೋಗೋ, ನಮ್ಮನೇಲಿ ಸೂರೇ ಇಲ್ಲ.”

“ಮತ್ತೆ ನಿನ್ನೆ ಸೂರಿನ ಮೇಲೆ ಹತ್ತಿ ರೇಡಿಯೋ ತಂತಿ ಕಟ್ತಿದ್ದವನು ನಿಮ್ಮಪ್ಪಾನಾ?”

ತೆಜೀರಾ ಮಾತ್ರ ಬಾಯಿ ಬಿಡಲಿಲ್ಲ. ಲೋಯ್ಸ್ ಸೀಟಿ ಊದಿ, “ಜಗಳ ಸಾಕು, ಬಡವರು ಯಾರು ಅಂತ ನೀವೇ ಬೆರಳು ತೋರಿಸಿ” ಎಂದಾಗ ಬೆರಳುಗಳೆಲ್ಲ ಮೊದಲು ಒಂದೇ ಕಡೆ ತಿರುಗಿದವು. ತೆಜೀರಾ ಯಾರನ್ನು ತೋರಿಸುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಮರವಿತ್ತು. ಅವಳಿಗೆ ಆ ದಿನ ನಿಜವಾಗಿ ನೋವಾಯಿತು.

ಹೀಗೆ ಒಬ್ಬೊಬ್ಬರನ್ನೇ ತೋರಿಸಿ ಆಯ್ದ ಬಡವರ ಸರದಿಯನ್ನು ಮಡಕೆಯಲ್ಲಿ ಅವರೆಕಾಳು ಹಾಕಿ, ಎತ್ತಿ ಗೊತ್ತು ಮಾಡುವುದೆಂದಾಯಿತು. ಕಟ್ಟಳೆ ಮಾಡಿದವರೂ ನಾವೇ. ಮೇಕೆ ಪಡೆದವರು ಅದರ ಮೊದಲ ಹೆಣ್ಣುಮರಿಯನ್ನು ಸರದಿಯಲ್ಲಿ ಮುಂದಿರುವವರಿಗೆ ಕೊಡಬೇಕು, ಅವರು ತಮ್ಮದರ ಮರಿಯನ್ನು ಮುಂದಿನವರಿಗೆ. ಗಂಡು ಹುಟ್ಟಿದರೆ ಸಾಕಿದವರದ್ದೇ. ಮುಂದಿನವರು ಬಂದು ಮೇಕೆಯ ಕೊಟ್ಟಿಗೆ, ಮೇವು ಎಲ್ಲ ತಪಾಸಣೆ ಮಾಡಬೇಕು. ಮರಿ ಕೊಡುವಾಗ ಊರ ಮುಂದೆ ಹಗ್ಗವನ್ನು ಕೈಯಿಂದ ಕೈಗೆ ಕೊಡಬೇಕು, ಆಗ ಕೊಟ್ಟವರ ಹೆಸರನ್ನು ಕೂಗಬೇಕು. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಆಮೇಲೆ ಕಾಳು ಎತ್ತಿದರು. ಮೇಕೆ ಬಂದದ್ದು ಕಿರುಂದಾನಿಗೆ. ಅವನ ಮುಂದಿನ ಸರದಿ, ಅವನ ಅತ್ತೆ ತೆಜೀರಾಳದ್ದು.

 ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲೋಯ್ಸ್ ಮಾತ್ರ ನಗಲಿಲ್ಲ. “ಕಟ್ಟಳೆ ಅಂದ್ರೆ ಕಟ್ಟಳೆ. ಅತ್ತೆ ತಪಾಸಣೆ ಮಾಡ್ಲಿ, ಅಳಿಯ ಮಾಡಿಸ್ಕೊಳ್ಳಲಿ. ಹೆಂಗೆ ಅಂತ ಅವರೇ ನೋಡ್ಕೊಳ್ಳಲಿ” ಎಂದಳು.

ಮೇಕೆಗೆ ಊರು ಮಿನಿಸ್ಟರ್ ಎಂದು ಹೆಸರಿಟ್ಟಿತು. ತಿನ್ನುವುದು ಜಾಸ್ತಿ, ಕೊಡುವುದು ಕಮ್ಮಿ, ಮಾತಾಡಿಸಿದರೆ ಮುಖ ಬೇರೆ ಕಡೆ ತಿರುಗಿಸುವುದು. ತೆಜೀರಾ ವಾರವಾರ ತಪಾಸಣೆಗೆ ಹೋಗಿ, ಅಳಿಯನ ಬಾಳೆತೋಟದಲ್ಲಿ ದಪ್ಪದೊಂದು ಗಿಡದ ಹಿಂದೆ ನಿಂತು ಕೆಮ್ಮುತ್ತಿದ್ದಳು. ಕಿರುಂದಾ ತಕ್ಷಣ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅತ್ತೆ ಅಳಿಯ ಮಾತಾಡುವ ಹಾಗಿಲ್ಲ ನೋಡಿ, ಹಾಗಾಗಿ ಇಬ್ಬರೂ ಮೇಕೆಯೊಂದಿಗೆ ಮಾತಾಡುತ್ತಿದ್ದರು.

“ಮಿನಿಸ್ಟ್ರೇ, ನಿನ್ನ ಯಜಮಾನಂಗೆ ಹೇಳು, ಕೊಟ್ಟಿಗೆ ನೆಲ ಒದ್ದೆ ಇದೆ. ಗೊರಸು ಕೊಳೆಯುತ್ತೆ.”

“ಮಿನಿಸ್ಟ್ರೇ, ಬಾಳೆಗಿಡಕ್ಕೆ ಹೇಳು, ಅದು ಒದ್ದೆ ಅಲ್ಲ, ಈಗಷ್ಟೇ ತೊಳೆದಿದ್ದು.”

“ತೊಳೆದ್ರೆ ಒರೆಸ್ಬೇಕು ಅಂತ ಅವರಮ್ಮ ಹೇಳ್ಕೊಟ್ಟಿಲ್ವಂತಾ, ಕೇಳು.”

“ಬಾಳೆಗಿಡದ ಮಗಳು ಮನೇಲಿ ಏನೂ ಒರೆಸಲ್ಲ, ಅದನ್ನೂ ಹೇಳ್ಬಿಡು.”

ಒಳಗಿಂದ ತೆಜೀರಾಳ ಮಗಳು ನಂಗೋಬಿ, “ನನ್ನ ಯಾಕೆ ಎಳೀತೀರಾ ಮಧ್ಯಕ್ಕೆ? ಮೇಕೆ ಇದೆಯಲ್ಲ!” ಎಂದು ಕೂಗುತ್ತಿದ್ದಳು. ಮಿನಿಸ್ಟರ್ ಇಬ್ಬರ ಮಾತಿಗೂ ಸೊಪ್ಪು ಹಾಕದೆ, ತನಗೆ ಹಾಕಿದ ಸೊಪ್ಪನ್ನು ಮೆಲ್ಲುತ್ತ ನಿಂತಿರುತ್ತಿತ್ತು.

ಮೊದಲ ಸಲ ಮಿನಿಸ್ಟರ್ ಹಾಕಿದ್ದು ಎರಡೂ ಗಂಡುಮರಿ. ತೆಜೀರಾ ತಲೆ ಮೇಲೆ ಕೈ ಹೊತ್ತು ಕೂತಳು. ಎರಡನೇ ಸಲ ಗಬ್ಬವಾದಾಗ ಸಭೆ ಸೇರಿತು. ಈ ಸಲವೂ ಗಂಡಾದರೆ ಮುಂದೆ ಹುಟ್ಟುವ ಮರಿ ಬೇರೆಯವರಿಗೆ, ತೆಜೀರಾ ಸರದಿಯ ಕೊನೆಗೆ ಎಂದು ತೀರ್ಮಾನವಾಯಿತು. ನ್ಯಾಯವಾದದ್ದೇ, ಉಳಿದವರೂ ಕಾದು ಕಾದು ಸೋತಿದ್ದರು. ಆದರೆ ಸರದಿಯ ಕೊನೆ ಎಂದರೆ ಅವಳ ಹೆಸರು ಬರುವ ಹೊತ್ತಿಗೆ ಅವಳು ಮಣ್ಣಿನಡಿಯಲ್ಲಿ. ತೆಜೀರಾ ಅಂದಿನಿಂದ ವಾರಕ್ಕೊಮ್ಮೆ ಹೋಗುವುದನ್ನು ಬಿಟ್ಟು ದಿನಾ ಹೋಗತೊಡಗಿದಳು. ಅವಳು ನಿಲ್ಲುವ ಬಾಳೆಗಿಡದ ಬುಡ ಸವೆದು ನುಣ್ಣಗಾಯಿತು.

ಹೀಗಿರುವಾಗ ಪಕ್ಕದೂರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಸಾವಿಗೆ ಹೋಗದಿದ್ದರೆ ನಾಳೆ ನಮ್ಮ ಸಾವಿಗೆ ಯಾರೂ ಬರುವುದಿಲ್ಲ, ಊರಿಗೆ ಊರೇ ಹೊರಟಿತು. ತೆಜೀರಾ ಮಾತ್ರ ಮಂಡಿ ಹಿಡಿದುಕೊಂಡು “ಅಯ್ಯೋ” ಎಂದು ಉಳಿದಳು. ಎಲ್ಲರೂ ಮರೆಯಾದ ಮೇಲೆ ಅದೇ ಮಂಡಿಯಲ್ಲಿ ಬಾಳೆತೋಟಕ್ಕೆ ಓಡಿದಳು. ಅಲ್ಲಿ ನೋಡಿದರೆ ಮೈ ಸುಡುವ ಜ್ವರವೆಂದು ಹೇಳಿ ಉಳಿದಿದ್ದ ಕಿರುಂದಾ ಕೊಟ್ಟಿಗೆಯ ಮುಂದೆ ಆರೋಗ್ಯವಾಗಿಯೇ, ಗಾಬರಿಯಿಂದ ಕುಣಿದಾಡುತ್ತಿದ್ದ. ಮಿನಿಸ್ಟರಿಗೆ ನೋವು ಶುರುವಾಗಿತ್ತು. ಮರಿಯ ಒಂದು ಕಾಲು ಹೊರಗೆ ಬಂದು ಅಲ್ಲೇ ಸಿಕ್ಕಿಕೊಂಡಿತ್ತು. ಕಿರುಂದಾನ ಅಂಗೈ ಒಲೆಗೆ ಗಾಳಿ ಹಾಕುವ ಬೀಸಣಿಗೆಯಷ್ಟು ಅಗಲ, ಅದರಿಂದ ಏನೂ ಆಗುವಂತಿರಲಿಲ್ಲ.

“ದೇವರೇ, ಊರಲ್ಲಿ ಒಂದು ನರಪಿಳ್ಳೆ ಇಲ್ಲ!” ಎಂದು ಅವನು ಅಳುವ ದನಿಯಲ್ಲಿ ಬಾಳೆತೋಟದ ಕಡೆ ಬೆನ್ನು ಮಾಡಿ ಕೂಗಿದ. “ಬಾಳೆಗಿಡದ ಹಿಂದೆ ಯಾರೂ ಇಲ್ಲ ಅಂತ ಗೊತ್ತು. ಆದ್ರೂ ಯಾರಾದ್ರೂ ಇದ್ರೆ, ಕೈ ಚಿಕ್ಕದಿದ್ರೆ, ಬನ್ನಿಯಪ್ಪಾ!”

“ಇಲ್ಲಿ ಯಾರೂ ಇಲ್ಲ” ಎಂದಿತು ಬಾಳೆಗಿಡ.

ಮಿನಿಸ್ಟರ್ ಕೂಗಿಕೊಂಡಿತು. ತೆಜೀರಾ ಗಿಡದ ಮರೆಯಿಂದ ಕತ್ತು ಚಾಚಿದಳು. “ಮಿನಿಸ್ಟ್ರೇ, ನಿನ್ನ ಯಜಮಾನಂಗೆ ಹೇಳು, ಮುಖ ಮುಚ್ಕೊಂಡು ನಿನ್ನ ಕೊಂಬು ಹಿಡ್ಕೊಳ್ಳಲಿ! ಬೇಗ!”

ಕಿರುಂದಾ ಅತ್ತಿತ್ತ ನೋಡಿ, ಗೆಣಸು ತುಂಬಿಡುವ ಹುಲ್ಲಿನ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ತಡವರಿಸಿ ಕೊಂಬು ಹಿಡಿದು ಕೂತ. ತೆಜೀರಾ ಹಿಂದಿನಿಂದ ಬಂದು ಮಂಡಿಯೂರಿದಳು. ಮಧ್ಯೆ ಮೇಕೆ. ಅತ್ತೆ ಬಾಲದ ತುದಿಯಲ್ಲಿ, ಅಳಿಯ ಕೊಂಬಿನ ತುದಿಯಲ್ಲಿ. ಇದಕ್ಕಿಂತ ಮರ್ಯಾದೆಯಾಗಿ ಕೂರಲು ಯಾರಿಂದಲೂ ಸಾಧ್ಯವಿರಲಿಲ್ಲ. ಅವಳು ಕೈಗೆ ಎಣ್ಣೆ ಸವರಿ ಒಳಗೆ ಹಾಕಿ, ಮಡಿಚಿಕೊಂಡಿದ್ದ ಇನ್ನೊಂದು ಕಾಲನ್ನು ಮೆಲ್ಲಗೆ ಬಿಡಿಸಿದಳು. ಮರಿ ಜಾರಿ ಹೊರಗೆ ಬಂತು. ಅವಳು ಅದರ ಕಾಲು ಸರಿಸಿ ನೋಡಿ, ಕೂತಲ್ಲೇ ಕುಸಿದಳು.

“ಏನಾಯ್ತು? ಮಿನಿಸ್ಟ್ರೇ, ಯಾರಾದ್ರೂ ಏನಾದ್ರೂ ಹೇಳಿ!” ಎಂದಿತು ಬುಟ್ಟಿ.

“ಗಂಡು” ಎಂದಳು ತೆಜೀರಾ, ಮೇಕೆಗೆ.

ತೆಜೀರಾಳಿಗೆ ಅಳು ಉಕ್ಕಿ ಬಂತು. ಅಳಿಯನ ಮುಂದೆ ಅಳಬಾರದೆಂದು ತುಟಿ ಕಚ್ಚಿದಳು. ಆಗ ಮುಂದಿನಿಂದ ಕರಕರ ಎನ್ನುವ ಸದ್ದು ಬಂತು. ಹೆರಿಗೆ ನೋವಿನ ನಡುವೆ ಬಿಡುವು ಸಿಕ್ಕಿದ್ದೇ ತಡ, ಮಿನಿಸ್ಟರ್ ಬುಟ್ಟಿಯನ್ನು ತಿನ್ನತೊಡಗಿತ್ತು. ಕಿರುಂದಾನ ಎರಡೂ ಕೈ ಕೊಂಬಿನ ಮೇಲೆ, ತಡೆಯುವುದು ಹೇಗೆ? “ಏ, ಏ, ಬಿಡೇ!” ಎನ್ನುತ್ತಿದ್ದ ಹಾಗೆಯೇ ಬುಟ್ಟಿಯಲ್ಲಿ ಅಂಗೈಯಗಲ ತೂತು ಬಿತ್ತು. ತೂತಿನಲ್ಲಿ ಒಂದು ಕಣ್ಣು ಕಾಣಿಸಿತು.

ತೆಜೀರಾ ನೋಡಬಾರದಿತ್ತು, ನೋಡಿದಳು. ಆ ಕಣ್ಣಿನಲ್ಲಿ ನೀರು ತುಂಬಿತ್ತು. ಇವನೂ ಅಳುತ್ತಿದ್ದಾನಲ್ಲ, ಮರಿ ಹೋದದ್ದು ನನ್ನದು, ಇವನಿಗೇಕೆ ಅಳು ಎಂದು ಅವಳಿಗೆ ಆಶ್ಚರ್ಯವಾಯಿತು. ಮಗಳನ್ನು ಒಳ್ಳೆಯ ಕಡೆಗೇ ಕೊಟ್ಟೆ ಎಂದು ಅವಳಿಗೆ ಅನಿಸಿದ್ದು ಆ ದಿನವೇ. ಕಣ್ಣು ಗಾಬರಿಯಾಗಿ ಮುಚ್ಚಿಕೊಂಡಿತು. ಅಷ್ಟರಲ್ಲಿ ಮಿನಿಸ್ಟರ್ ಇನ್ನೊಮ್ಮೆ ತಿಣುಕಿತು. ಯಾರ ಸಹಾಯವೂ ಇಲ್ಲದೆ, ತನಗೂ ಈ ಗದ್ದಲಕ್ಕೂ ಸಂಬಂಧವೇ ಇಲ್ಲವೆಂಬಂತೆ ಇನ್ನೊಂದು ಪುಟ್ಟ ಮರಿ ತೆಜೀರಾಳ ಮಡಿಲಿಗೆ ಜಾರಿತು.

“ಹೆಣ್ಣು!” ಎಂದು ಅವಳು ಕಿರುಚಿದಳು. “ಹೆಣ್ಣು ಕಣೋ ಕಿರುಂದಾ, ಹೆಣ್ಣು!”

ಅಳಿಯನ ಹೆಸರು ಹಿಡಿದು ಕರೆದದ್ದು ತಿಳಿದ ಕೂಡಲೇ ಅವಳು ಬಾಯಿ ಮುಚ್ಚಿಕೊಂಡು ಬಾಳೆತೋಟಕ್ಕೆ ನುಗ್ಗಿದಳು. ಕಿರುಂದಾ ಬುಟ್ಟಿ ಹೊತ್ತುಕೊಂಡೇ ಕುಣಿದು, ಕೊಟ್ಟಿಗೆಯ ಕಂಬಕ್ಕೆ ಢಿಕ್ಕಿ ಹೊಡೆದ.

ಊರವರು ಮರಳುವ ಹೊತ್ತಿಗೆ ತೆಜೀರಾ ಮನೆಯ ಮುಂದೆ ಮಂಡಿ ನೀವಿಕೊಂಡು ಕೂತಿದ್ದಳು. ದಣಿವಿಗೋ ಸಂತೋಷಕ್ಕೋ ಕೈ ಗಡಗಡ ನಡುಗುತ್ತಿತ್ತು. ಲೋಯ್ಸ್ ನಿಂತು ನೋಡಿದಳು.

“ಕೈ ಯಾಕೆ ನಡುಗ್ತಿದೆ?”

“ಮಂಡಿ ನೋವು ಕಣೆ.”

“ಮಂಡಿ ನೋವಿಗೆ ಕೈ ನಡುಗುತ್ತಾ? ಅಲ್ಲಿ ನಿನ್ನ ಅಳಿಯಂಗೆ ಹಣೆ ಊದಿದೆ, ಜ್ವರ ಅಂತೆ. ಏನ್ ಕಾಯಿಲೆನಮ್ಮಾ ನಿಮ್ಮ ವಂಶದ್ದು!” ಎಂದಳು. ಅವಳಿಗೆ ಅರ್ಥವಾಗಲಿಲ್ಲ ಎಂದೇನಲ್ಲ. ಆದರೆ ಮರಿ ಹೆಣ್ಣು, ಅದಕ್ಕೆ ಸೀಟಿ ಊದದೆ ಹೋದಳು.

ಮರಿ ಹಾಲು ಬಿಟ್ಟ ಮೇಲೆ ಹಲಸಿನ ಮರದಡಿ ಹಗ್ಗ ಕೊಡುವ ದಿನ ಬಂತು. ಕೈಯಿಂದ ಕೈಗೆ ಎಂದರೆ ಹೇಗೆ? ಹಿರಿಯರು ಗಂಟೆಗಟ್ಟಲೆ ವಾದ ಮಾಡಿ, ಊರಿನ ಹಗ್ಗವನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರು. ಒಂದು ತುದಿ ಮರದ ಪಕ್ಕದ ಚರ್ಚಿನ ಗೋಡೆಯ ಆಚೆ ಕಿರುಂದಾನ ಕೈಯಲ್ಲಿ, ಕಿಟಕಿಯೊಳಗಿಂದ ಬಂದ ಇನ್ನೊಂದು ತುದಿ ಈಚೆ ತೆಜೀರಾಳ ಕೈಯಲ್ಲಿ. ಮರಿ ಮಧ್ಯೆ ಕಿಟಕಿಯಲ್ಲಿ ನಿಂತು ಬ್ಯಾ ಎಂದಿತು. “ಕೊಟ್ಟವರು ಕಿರುಂದಾ!” ಎಂದು ಲೋಯ್ಸ್ ಕೂಗಿದಳು. ಗೋಡೆಯ ಆಚೆ ಯಾರೋ ಜೋರಾಗಿ ಮೂಗು ಸೀಟಿಕೊಂಡದ್ದು ಕೇಳಿತು.

ಮರಿ ಬೆಳೆಯಿತು. ಈಗ ತಪಾಸಣೆ ತೆಜೀರಾಳ ಮನೆಯಲ್ಲಿ. ಮುಂದಿನ ಸರದಿಯ ಮಿರೆಂಬೆ, ಕಾಳು ಎತ್ತುವ ಮುಂಚೆಯಷ್ಟೇ ಬೆನ್ನಿಗೆ ಕೂಸು ಕಟ್ಟಿಕೊಂಡು ಊರಿಗೆ ಬಂದವಳು, ಬಂದು ಬಗ್ಗಿ ನೋಡಿ, “ನೆಲ ಒದ್ದೆ ಇದೆಯಲ್ಲಮ್ಮಾ” ಎಂದಾಗ ತೆಜೀರಾಳಿಗೆ ಮೈ ಉರಿದುಹೋಯಿತು. “ಈಗಷ್ಟೇ ತೊಳೆದಿದ್ದು!” ಎಂದಳು.

ಆ ಮೇಕೆ ಮೊದಲ ಸಲವೇ ಹೆಣ್ಣು ಹಾಕಿತು. ಕೊಡುವ ದಿನ ತೆಜೀರಾ ಇದ್ದೊಂದು ಒಳ್ಳೆಯ ಬಟ್ಟೆಯನ್ನು ಒಗೆದು ಉಟ್ಟು, ಸೊಂಟದ ಪಟ್ಟಿಯನ್ನು ಬಿಗಿದು ಕಟ್ಟಿ ಬಂದಳು. ದೂರದ ಕಾಫಿಗಿಡದ ಹಿಂದೆ ಎತ್ತರದ ಆಳೊಬ್ಬ ಬಗ್ಗಿ ಅಡಗಿ ನಿಂತಿದ್ದ. ಈ ಸಲ ಪೊದೆಗೆ ಇಳಿದವನು ಅವನು. ಅರ್ಧ ಮೈ ಹೊರಗೇ ಇತ್ತು, ನಾವೆಲ್ಲ ಕಾಣದವರ ಹಾಗಿದ್ದೆವು. ತೆಜೀರಾ ಹಗ್ಗವನ್ನು ಮಿರೆಂಬೆಯ ಕೈಗಿಟ್ಟಳು.

“ಕೊಟ್ಟವರು ತೆಜೀರಾ!” ಎಂದು ಲೋಯ್ಸ್ ಗಂಟಲು ಹರಿಯುವಂತೆ ಕೂಗಿದಳು.

ಚಪ್ಪಾಳೆ ಎದ್ದಿತು, ನಿಂತಿತು. ಮಿರೆಂಬೆ ಹಗ್ಗ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ತೆಜೀರಾ ಹಗ್ಗ ಬಿಟ್ಟಿರಲಿಲ್ಲ.

ಲೋಯ್ಸ್ ಸೀಟಿ ಊದಿದಳು. “ಬಿಡಮ್ಮಾ ಹಗ್ಗಾನ! ಕೊಟ್ಟಾಯ್ತಲ್ಲ!”

“ಬಿಡ್ತೀನಿರೇ” ಎಂದಳು ತೆಜೀರಾ. ಅವಳ ಕೈ ನಡುಗುತ್ತಿತ್ತು. “ಇನ್ನೊಂದ್ಸಲ ಕೂಗು.”